ನನ್ನ ಎಣಿಕೆ ತೆಗೆದುಹಾಕಿ

"ಇದ್ರಲ್ಲಿ ಮೇಲೆ ಹೋಗಿ ಬಂದ ಇಲಿ ಯಾವುದು?"

ಬಾಗಿಲು ತಟ್ಟದೆ ಒಳಬಂದವನನ್ನು ಅವಳು ತಲೆಯೆತ್ತಿ ನೋಡಲಿಲ್ಲ. ಬ್ಲೇಡಿನ ತುದಿಯಲ್ಲಿ ಇಲಿಯೊಂದರ ಹೃದಯದ ಚೂರು ನಡುಗುತ್ತಿತ್ತು. ಕೂದಲಿಗಿಂತ ತೆಳು. ಪ್ರಯೋಗಾಲಯದಲ್ಲಿ ಅವಳ ಅಡ್ಡಹೆಸರೇ 'ಕೂದಲೆಳೆ'.

"ಉಸಿರು ಬಿಗಿಹಿಡ್ಕೊಳ್ಳಿ. ಹಾರಿಹೋಗತ್ತೆ!"

ಅವನು ನಿಜವಾಗಿಯೂ ಬಿಗಿಹಿಡಿದ. ಚೂರು ಗಾಜಿನ ಮೇಲೆ ಕೂತ ನಂತರ ನೋಡಿದಳು... ಮುಂದಿನ ನೌಕೆಯಲ್ಲಿ ಹೋಗಬೇಕಾದ ಗಗನಯಾತ್ರಿ!

"ಗೊತ್ತಿಲ್ಲ. ಗಾಜಿನ ಮೇಲೆ ಬರೀ ನಂಬರು. ಯಾವುದು ಹಾರಿದ್ದು, ಯಾವುದು ಇಲ್ಲೇ ಗೂಡಲ್ಲಿದ್ದದ್ದು ಅನ್ನೋ ಪಟ್ಟಿ ಮುಖ್ಯಸ್ಥರ ಬೀರುವಲ್ಲಿದೆ. ಮೊದಲೇ ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡತ್ತೆ."

ಮರುದಿನವೂ ಬಂದ. ಆಮೇಲೆ ದಿನಾ ಬಂದ. ಎರಡು ಲೋಟ ಚಹಾ, ಕೆಲಸಕ್ಕೆ ಬಾರದ ಜೋಕು.

"ನನ್ನ ಹೃದಯಾನೂ ಹೀಗೇ ಹೆಚ್ತೀಯಾ?"

"ನಿಂದು ದಪ್ಪ. ಬ್ಲೇಡು ಹಾಳಾಗತ್ತೆ."

ಅವನು ಹೋದ ಮೇಲೆ ಸೂಕ್ಷ್ಮದರ್ಶಕದಲ್ಲಿ ಗಾಯದ ಗೆರೆಗಳನ್ನು ಎಣಿಸುತ್ತಿದ್ದಳು. ಕೆಲವು ಹೃದಯಗಳ ಸ್ನಾಯು ಸೊರಗಿತ್ತು. ಅದೇ ನಂಬರಿನ ಶ್ವಾಸಕೋಶಗಳಲ್ಲಿ ರಕ್ತ ಜಿನುಗಿತ್ತು. 'ಇವು ಹಾರಿದವು ಆಗಿರದಿರಲಿ...'

ಹಾಗೆ ಬೇಡಿಕೊಂಡ ದಿನವೇ ಅವಳಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆ ಹೋಯಿತು. ಅಂದೇ ಮುಖ್ಯಸ್ಥರಿಗೊಂದು ಪತ್ರ ಬರೆದಳು.

ನಾಲ್ಕು ತಿಂಗಳಿಗೆ ಪಟ್ಟಿ ತೆರೆದರು. ಹಾಳಾದವೆಲ್ಲ ಹಾರಿದವೇ. ಹಾರಾಟ ಎರಡು ವರ್ಷ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವನ ವಯಸ್ಸು ಮಿತಿ ದಾಟುತ್ತದೆ. ಹದಿನಾಲ್ಕು ವರ್ಷದ ತಯಾರಿ ಮಣ್ಣುಪಾಲು.

"ನಾನು ಹೋಗಬಾರದು ಅಂತ ನಿನಗಿತ್ತು! ಅದಕ್ಕೇ ಇಲ್ಲದ ಗಾಯಾನೆಲ್ಲ ಎಣಿಸಿದ್ದೀಯ!"

'ಎಲ್ಲ ಕಳಕೊಂಡು ನಿಂತವನ ಮುಂದೆ ನನ್ನ ಪ್ರೀತಿಯ ಲೆಕ್ಕ ಒಪ್ಪಿಸಲೇ?' ಅವನ ಲೋಟ ತೊಳೆದು ಮಗುಚಿಟ್ಟಳು. ಹನ್ನೊಂದು ದಿನ ಅದು ಹಾಗೇ ಇತ್ತು.

ಹನ್ನೆರಡನೇ ದಿನ ಯಾರೋ ಬಾಗಿಲು ತಟ್ಟಿದರು. ಅವನೇ. ಕೈಯಲ್ಲೊಂದು ಹಾಳೆ.

"ಮರುಎಣಿಕೆ ಬೇಕು ಅಂತ ಕೇಳಿದ್ದೆ. ಆಗಲೇ ಬೇರೆಯವರೇ ಎಣಿಸಿದ್ದು ಅಂತ ಮುಖ್ಯಸ್ಥರು ಇದನ್ನ ಕೊಟ್ರು."

ಓದತೊಡಗಿದ. "'ಮುಂದಿನ ಹಾರಾಟದ ಗಗನಯಾತ್ರಿಯ ಮೇಲೆ ನನಗೆ ಪ್ರೀತಿಯಿದೆ. ಅವರು ಹೋಗಲೆಂಬ ಆಸೆಯಿಂದ ಕೆಲವು ಗೆರೆಗಳನ್ನು ಬಿಟ್ಟು ಎಣಿಸುತ್ತಿದ್ದೇನೆ. ನನ್ನ ಎಣಿಕೆ ತೆಗೆದುಹಾಕಿ, ಬೇರೆಯವರಿಂದ ಎಣಿಸಿ...'"

ಹಾಳೆ ಮಡಚಿದ.

"ನನಗೆ ಹೇಳೋಕ್ಮುಂಚೆ ಮುಖ್ಯಸ್ಥರಿಗೆ ಹೇಳಿದ್ಯಾ?"

"ನಿಯಮ ಹಾಗಿದೆ."

ಅವನು ನಕ್ಕ. ನಗು ಅರ್ಧದಲ್ಲೇ ಕೆಟ್ಟುಹೋಯಿತು.

"ನಾನಿನ್ನು ಯಾವತ್ತೂ ಹೋಗಲ್ಲ ಕಣೇ..."

'ಎಲ್ಲ ಸರಿಹೋಗತ್ತೆ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಸುಳ್ಳು. ನುಂಗಿಕೊಂಡಳು.

"ಹೌದು. ಹೋಗಲ್ಲ," ಎಂದು ತನ್ನ ಪಕ್ಕಕ್ಕೆ ಕುರ್ಚಿ ಎಳೆದಳು.

ಕೂತ.

"ಇಲ್ಲಿ ಅಳಬಹುದಾ?"

"ಅಳು. ಬ್ಲೇಡು ಕೆಳಗಿಟ್ಟಿದೀನಿ. ಇವತ್ತು ಉಸಿರು ಬಿಗಿಹಿಡೀಬೇಡ."