ಸೀತಕ್ಕನ ಮನೆಗೆ ಬಂದ ಹಿಂಡಿ ಮೂಟೆ

“ನಮ್ಮನೇಲಿ ದನ ಎಲ್ಲಿದೆ ಮಾರಾಯ? ಈ ಹಿಂಡಿ ನಾನು ತಿನ್ಲಾ?”

ಸೀತಕ್ಕ ಆಟೋದಿಂದ ಮೂಟೆ ಇಳಿಸಿ ಅಂಗಡಿ ಬಾಗಿಲಿಗೆ ಒರಗಿಸಿದರು. ಒಳಗೆ ಆಗಲೇ ಹದಿನೈದು ಜನ ಗಲಾಟೆ ಮಾಡುತ್ತಿದ್ದರು. ಟೈಲರ್ ಹೂವಪ್ಪ ಕೇಳಿದ್ದು ಒಂದು ಟಾರ್ಪಾಲು. ಅವರ ಕೈಯಲ್ಲಿದ್ದದ್ದು ಔಷಧಿ ಹೊಡೆಯುವ ಪಂಪು.

“ಇದನ್ನ ಎಂತಕ್ಕೆ ಹೊಡೀಲಿ? ಹೊಲಿಗೆ ಮಿಷನ್ನಿಗಾ?” ಎಂದು ಅವರು ಪಂಪನ್ನು ಎತ್ತಿ ಎಲ್ಲರಿಗೂ ತೋರಿಸಿದರು.

ಜಯಪುರದಲ್ಲಿ ರೇಣುಕಪ್ಪನವರದು ಗೊಬ್ಬರದ ಅಂಗಡಿ. ಮೇ ತಿಂಗಳು ಬಂದರೆ ಅಲ್ಲಿ ಬುಕಿಂಗ್ ಶುರು. ಮಳೆ ಹಿಡಿಯುವ ಮೊದಲು ಯಾರಿಗೆ ಏನು ಬೇಕೋ ಹೇಳಿ ಹೋಗುತ್ತಾರೆ. ಟಾರ್ಪಾಲು, ಹಿಂಡಿ, ಅಡಿಕೆಗೆ ಹೊಡೆಯುವ ಮೈಲುತುತ್ತ, ಹೀಗೆ. ಅಂಗಡಿಯಲ್ಲಿ ಕೆಲಸಕ್ಕಿದ್ದ ಭವ್ಯಳ ಅಮ್ಮ ಸರೋಜ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿಗೆ ಹಾಕಿ, ಬಂದವರಿಗೆ ನಂಬರ್ ಚೀಟಿ ಕೊಟ್ಟಿದ್ದಳು.

ಆಮೇಲಿನ ಕೆಲಸ ರೇಣುಕಪ್ಪನವರ ತಂಗಿಯ ಮಗ ಗಂಗಾಧರನದು. ಅವನು ಆ ಪಟ್ಟಿಯನ್ನು ಟ್ಯಾಲಿಯಿಂದ ಎಕ್ಸೆಲ್ಲಿಗೆ ತೆಗೆದು, ಬಣ್ಣ ಹಾಕಿ ಚೆಂದ ಮಾಡಿ, ಪ್ರಿಂಟ್ ಹೊಡೆದು ಜೀಪಿನವನಿಗೆ ಕೊಟ್ಟಿದ್ದ. ಜೀಪಿನವನು ನಿನ್ನೆ ಇಡೀ ದಿನ ಆ ಪಟ್ಟಿ ನೋಡಿಕೊಂಡು ಮನೆಮನೆಗೆ ಸಾಮಾನು ಇಳಿಸಿ ಬಂದಿದ್ದ. ಈಗ ನೋಡಿದರೆ ಎಲ್ಲ ಅದಲು ಬದಲು!

“ಸರೋಜಾ!” ರೇಣುಕಪ್ಪನವರು ಕಿರುಚಿದರು. “ಎಂತ ಟೈಪ್ ಮಾಡಿದ್ದೀಯ ನೀನು? ಮೂರು ತಿಂಗಳ ಕೋರ್ಸ್ ಮಾಡಿದವಳನ್ನ ತಂದು ಕೂರಿಸಿದ್ದೇ ನನ್ನ ತಪ್ಪು.”

“ನಾನು ಆಗ್ಲೇ ಹೇಳಿದ್ದೆ ಮಾವ,” ಎಂದ ಗಂಗಾಧರ. ಬಾಳಗಡಿಯ ಕಾಲೇಜಿಗೆ ಬಿ.ಕಾಂ. ಓದಲು ಹೋಗುತ್ತಿದ್ದ ಅವನಿಗೆ ತನಗೆ ಗೊತ್ತಿಲ್ಲದ್ದು ಕಂಪ್ಯೂಟರಿನಲ್ಲಿ ಏನೂ ಇಲ್ಲ ಎಂಬ ಜಂಬ. “ಇವ್ರು ಟ್ಯಾಲಿಗೆ ಹಾಕಿದ್ದೇ ತಪ್ಪಾದ್ರೆ ಪಾಪ, ಎಕ್ಸೆಲ್ ಎಂತ ಮಾಡತ್ತೆ?”

“ನಾಳೆಯಿಂದ ಕೆಲಸಕ್ಕೆ ಬರೋದು ಬೇಡ,” ಎಂದುಬಿಟ್ಟರು ರೇಣುಕಪ್ಪ.

ಅಮ್ಮ ತಲೆ ತಗ್ಗಿಸಿ ನಿಂತಳು. ಬೇಸಿಗೆ ರಜೆಯೆಂದು ದಿನಾ ಅಮ್ಮನ ಜೊತೆ ಬರುತ್ತಿದ್ದ ಭವ್ಯ ಗೊಬ್ಬರದ ಚೀಲದ ಮೇಲಿಂದ ಧುಮುಕಿದಳು.

“ಅಮ್ಮಾ, ನೀನು ತಪ್ಪು ಹಾಕಿಲ್ಲ ಅಂತ ಹೇಳು!”

“ಸುಮ್ನಿರು ಪುಟ್ಟಿ. ನಂದೇ ತಪ್ಪಿರ್ಬಹುದೇನೋ,” ಎಂದಳು ಅಮ್ಮ ಮೆಲ್ಲಗೆ.

ಭವ್ಯಳಿಗೆ ಸಿಟ್ಟು ನೆತ್ತಿಗೇರಿತು. ಅಮ್ಮ ತಪ್ಪು ಹಾಕುವುದೇ? ಒಂದೊಂದು ಹೆಸರನ್ನೂ ಮೂರು ಸಲ ಓದಿಕೊಂಡೇ ಅವಳು ಎಂಟರ್ ಒತ್ತುತ್ತಿದ್ದುದು. ಸಾರಿಗೆ ಉಪ್ಪು ಹಾಕಲು ಮರೆತಾಳು, ಇದನ್ನು ಮರೆಯುವವಳಲ್ಲ.

ಭವ್ಯ ಮೇಜಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡು ನೋಡಿದಳು. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಂದು, ಅನಂತಯ್ಯ. ಎರಡು, ಅಶೋಕ. ಮೂರು, ಬೈರಪ್ಪ. ಅವಳು ಬೆರಳಿಟ್ಟುಕೊಂಡು ಕೆಳಗೆ ಕೆಳಗೆ ಹೋದಳು. ಕೊನೆಯಲ್ಲಿ ವಾಸಪ್ಪ. ಅವಳ ಕಣ್ಣು ಅರಳಿತು.

“ಸೀತಕ್ಕ, ನಿಮ್ಮ ಚೀಟಿ ನಂಬರ್ ಎಷ್ಟು?”

“ಒಂದು. ಬುಕಿಂಗ್ ದಿನ ಇವ್ರು ಬಾಗಿಲು ತೆಗಿಯೋ ಮೊದ್ಲೇ ಬಂದು ನಿಂತವಳಲ್ದಾ ನಾನು!”

“ಇಲ್ಲಿ ನೀವು ಐವತ್ತೆಂಟು!”

“ಏಯ್, ದೊಡ್ಡವ್ರ ಮಧ್ಯೆ ನಿಂದೆಂತ? ಹೊರಗೆ ಹೋಗಿ ಆಡ್ಕೋ,” ಎಂದು ರೇಣುಕಪ್ಪ ಗದರಿದರು.

“ಹೋಗಲ್ಲ!”

ಹಾಗೆಂದವಳೇ ಅಮ್ಮನ ಕುರ್ಚಿಯಲ್ಲಿ ಕೂತುಬಿಟ್ಟಳು. ಗಂಗಾಧರ ಬಂದು ಕುರ್ಚಿಯನ್ನು ಹಿಂದಕ್ಕೆ ಎಳೆದ. ಭವ್ಯ ಎರಡೂ ಕೈಯಲ್ಲಿ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಟ್ಯಾಲಿ ತೆಗೆದು ನೋಡೋ ತನಕ ಏಳಲ್ಲ. ಗಂಗಣ್ಣ, ಈ ಪಟ್ಟೀಲಿ ಮೊದ್ಲು ಎ, ಆಮೇಲೆ ಬಿ, ಆಮೇಲೆ ಸಿ. ಅಂಗಡಿಗೆ ಜನ ಎಬಿಸಿ ಪ್ರಕಾರ ಬರ್ತಾರಾ? ನಮ್ಮ ಮಿಸ್ ಹಾಜರಿ ಕರೆದ ಹಾಗೆ?”

ಯಾರೋ ಕಿಸಕ್ಕನೆ ನಕ್ಕರು. ಗಂಗಾಧರ ಕುರ್ಚಿ ಬಿಟ್ಟ.

“ಕೂಸು ಹೇಳೋದ್ರಲ್ಲಿ ಎಂತೋ ಇದೆ ಮಾರಾಯ್ರೆ,” ಎಂದರು ಹೂವಪ್ಪ. “ತೆಗ್ದು ನೋಡಿ. ನಂದು ಮೂವತ್ತೊಂದು.”

ಅಮ್ಮ ನಿಧಾನವಾಗಿ ಬಂದು ಭವ್ಯಳ ಭುಜದ ಮೇಲಿಂದ ಬಾಗಿ ಟ್ಯಾಲಿ ತೆರೆದಳು. ಎಲ್ಲರೂ ಸುತ್ತ ಮುತ್ತಿಕೊಂಡರು. ನಂಬರ್ ಒಂದು, ಸೀತಕ್ಕ, ಮೈಲುತುತ್ತ ಎರಡು ಚೀಲ. ನಂಬರ್ ಮೂವತ್ತೊಂದು, ಹೂವಪ್ಪ, ಟಾರ್ಪಾಲು ಒಂದು. ಅಮ್ಮ ಹಾಕಿದ್ದು ಒಂದಕ್ಷರವೂ ತಪ್ಪಿರಲಿಲ್ಲ.

“ಗಂಗಾಧರಾ?” ಎಂದರು ರೇಣುಕಪ್ಪ.

“ಹೆಸರು ಹುಡುಕೋಕೆ ಸುಲಭ ಆಗ್ಲಿ ಅಂತ ಎಬಿಸಿ ಪ್ರಕಾರ ಜೋಡಿಸ್ದೆ ಮಾವ. ಹೆಸರಿನ ಕಾಲಂ ಮಾತ್ರ ಸೆಲೆಕ್ಟ್ ಮಾಡಿದ್ದೆ. ಕಂಪ್ಯೂಟರ್ ಎಂತೋ ಒಂದು ಕೇಳ್ತು. ಓದದೇ ಒತ್ತಿಬಿಟ್ಟೆ.”

ಅಷ್ಟೇ ಆಗಿದ್ದು. ಹೆಸರುಗಳು ಮಾತ್ರ ಎದ್ದು ಜಾಗ ಬದಲಾಯಿಸಿದ್ದವು. ನಂಬರುಗಳೂ ಸಾಮಾನುಗಳೂ ಕೂತಲ್ಲೇ ಕೂತಿದ್ದವು. ಹಾಗಾಗಿ ಯಾರದೋ ಹಿಂಡಿ ಸೀತಕ್ಕನ ಮನೆಗೆ ಹೋಗಿತ್ತು.

ರೇಣುಕಪ್ಪ ಕಿವಿ ಕೆರೆದುಕೊಂಡರು. “ಹೋಗ್ಲಿ ಬಿಡಿ, ಆಗಿದ್ದು ಆಯ್ತು. ಸರೋಜಾ, ಬೇಗ ಹೊಸ ಪಟ್ಟಿ ತೆಗಿ.”

ಭವ್ಯ ಕುರ್ಚಿ ಬಿಟ್ಟು ಎದ್ದಳು. ಅಮ್ಮ ಕೂರಲಿಲ್ಲ.

“ಸಾವ್ಕಾರ್ರೆ, ಬೈಯೋವಾಗ ಎಲ್ರಿಗೂ ಕೇಳೋ ಹಾಗೆ ಬೈದ್ರಿ. ತಪ್ಪು ನಂದಲ್ಲ ಅನ್ನೋದನ್ನೂ ಎಲ್ರಿಗೂ ಕೇಳೋ ಹಾಗೆ ಹೇಳಿ. ಆಮೇಲೆ ಪಟ್ಟಿ ತೆಗಿತೀನಿ.”

ರೇಣುಕಪ್ಪ ಗಂಗಾಧರನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

“ತಪ್ಪು ಸರೋಜಂದಲ್ಲ,” ಎಂದರು ಅವರು ಬಾಯೊಳಗೇ.

“ಬೈದಿದ್ದು ರಸ್ತೆಗೆಲ್ಲ ಕೇಳ್ತು,” ಎಂದರು ಸೀತಕ್ಕ. “ಇದು ಪಕ್ಕದಲ್ಲಿರೋ ನಂಗೇ ಕೇಳ್ಲಿಲ್ಲ.”

“ತಪ್ಪು ಸರೋಜಂದಲ್ಲ ಮಾರಾಯ್ತಿ! ನಮ್ಮ ಗಂಗಾಧರಂದು! ಅವಳು ನಾಳೆನೂ ಬರ್ತಾಳೆ, ನಾಡಿದ್ದೂ ಬರ್ತಾಳೆ! ಸಾಕಾ?”

“ಸಾಕು,” ಎಂದಳು ಅಮ್ಮ. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. “ಜೀಪಿನವರಿಗೆ ಇಲ್ಲೇ ಬರೋಕೆ ಹೇಳಿ. ಒಂದೊಂದೇ ಓದ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ನಂಬರ್ ಒಂದು, ಸೀತಕ್ಕ! ಮೈಲುತುತ್ತ, ಎರಡು ಚೀಲ!”

ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ಇತ್ತ ತಿರುಗಿ ನೋಡಿದರು. ಭವ್ಯ ಅಮ್ಮನ ಪಕ್ಕದಲ್ಲೇ ನಿಂತಿದ್ದಳು. ಅಮ್ಮ ಸಾವ್ಕಾರರಿಗೆ ಹೆದರಿ ಸುಮ್ಮನಿದ್ದಳು ಎಂದು ಅವಳು ತಿಳಿದಿದ್ದಳು. ಆದರೆ ಹಾಗಲ್ಲ, ಕೆಲಸಕ್ಕೆ ಬಂದಾಗಿನಿಂದ ಎಲ್ಲರೂ ನಿನಗೆ ಬರಲ್ಲ, ನಿನಗೆ ಬರಲ್ಲ ಅಂದೂ ಅಂದೂ, ಅಮ್ಮನಿಗೇ ತನ್ನ ಕೈಮೇಲೆ ಅನುಮಾನ ಬಂದುಬಿಟ್ಟಿತ್ತು. ತನಗೆ ಇಷ್ಟು ದೊಡ್ಡ ದನಿಯಿದೆ ಎಂದು ಅಮ್ಮನಿಗೂ ಇವತ್ತೇ ಗೊತ್ತಾಗಿರಬೇಕು.

“ನಂಬರ್ ಎರಡು!” ಎಂದು ಅಮ್ಮ ಇನ್ನೂ ಜೋರಾಗಿ ಕೂಗಿದಳು.