ಯಾರದೂ ಅಲ್ಲದ ಮನೆ

ಗುರುವಾರ ರಕ್ಷಿತಾಳ ಕುಬುಸದ ಕಾರ್ಯ. ಅಷ್ಟರೊಳಗೆ, ಅಂದರೆ ಈ ಭಾನುವಾರವೇ, ಇಬ್ಬರು ಬೀಗಿತ್ತಿಯರು ಒಂದು ಸೂರಿನಡಿ ಎದುರಾಗಬೇಕು. ಒಬ್ಬರು ಇನ್ನೊಬ್ಬರ ಹಣೆಗೆ ಕುಂಕುಮವಿಟ್ಟು ಕಾರ್ಯಕ್ಕೆ ಕರೆಯಬೇಕು. ಕೆಲಸ ಇಷ್ಟೇ.

ಕೇಳುವುದಕ್ಕೆ ಸುಲಭ. ಆದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಊರಿನ ಫೋರ್ ಎಸ್ ರ್ಯಾಂಚ್‌ನ ಮಗನ ಮನೆಯಲ್ಲಿದ್ದ ಗುರುಶಾಂತವ್ವ, "ನಾವು ಗಂಡಿನ ಕಡೆಯವರು. ಮೊದಲ ಅವರು ನಮ್ಮ ಮನಿಗೆ ಬರಲಿ" ಎಂದು ಕೂತಿದ್ದರು. ಅಲ್ಲಿಂದ ಮೂರು ತಾಸು ದೂರದ ವುಡ್‌ಲ್ಯಾಂಡ್ ಹಿಲ್ಸ್‌ನ ಮಗನ ಮನೆಯಲ್ಲಿದ್ದ ಪಂಕಜಾ, "ಮನೆಗೆ ಬಂದು ಕುಂಕುಮ ಕೊಟ್ಟು ಕರೀದೆ ನಾನು ಯಾರ ಹೊಸ್ತಿಲೂ ತುಳಿಯೋಳಲ್ಲ" ಎಂದು ಕೂತಿದ್ದರು. ಒಬ್ಬರು ಅತ್ತೆ, ಒಬ್ಬರು ತಾಯಿ. ನಡುವೆ ಏಳು ತಿಂಗಳ ಬಸುರಿ ರಕ್ಷಿತಾ. "ನಮ್ಮಮ್ಮ ಪಕ್ಕದಲ್ಲಿ ಇಲ್ದಿದ್ರೆ ನಾನು ಹಸಿರು ಸೀರೆ ಉಡಲ್ಲ, ಕುಬುಸಾನೂ ಬೇಡ, ಏನೂ ಬೇಡ" ಎಂದು ಗಂಡನ ಮುಂದೆ ಅತ್ತುಬಿಟ್ಟಳು.

ಗಂಡ ಸಿದ್ಧಲಿಂಗೇಶ ಟೆಲಿಕಾಂ ಎಂಜಿನಿಯರ್. ಎರಡು ಟವರ್‌ಗಳ ನಡುವೆ ಸಿಗ್ನಲ್ ಕೂಡಿಸುವವನಿಗೆ ಇಬ್ಬರು ಹೆಂಗಸರನ್ನು ಕೂಡಿಸಲಾಗದೆ? ನಡುದಾರಿಯಲ್ಲಿ ಒಂದು ಹೋಟೆಲ್ ಹುಡುಕಿದ.

"ಹೋಟೆಲ್‌ನಾಗ ಕರಿಯೂದು ಕರಿಯೂದೇನೋ ಸಿದ್ದಾ?" ಎಂದರು ತಾಯಿ. "ಹೊಸ್ತಿಲ ಬೇಕು, ಸೂರು ಬೇಕು. ಅದು ಮನಿ ಆಗಿರಬೇಕು."

ಪಂಕಜಾ ಫೋನಿನಲ್ಲಿ, "ಮನೆ ಆಗಿರ್ಲಿ ಅಳಿಯಂದ್ರೇ. ಆದ್ರೆ ಅವರದಾಗಿರಬಾರದು" ಎಂದರು.

ಮನೆಯಾಗಿರಬೇಕು, ಯಾರದೂ ಆಗಿರಬಾರದು. ಸಿದ್ಧಲಿಂಗೇಶ ಎರಡು ದಿನ ಮ್ಯಾಪ್ ಜಾಲಾಡಿದ. ಕೊನೆಗೂ ಸಿಕ್ಕಿತು. ಮರಿಯೆಟಾ ಊರಿನ ಮೇಲಿರುವ ಸಾಂತಾ ರೋಸಾ ಪ್ರಸ್ಥಭೂಮಿಯ ನಡುವೆ, ದನ ಕಾಯುವವರು ನೂರೆಂಬತ್ತು ವರ್ಷದ ಹಿಂದೆ ಕಟ್ಟಿದ ಮಣ್ಣಿಟ್ಟಿಗೆಯ ಮನೆ. ಈಗ ಅಲ್ಲಿ ಯಾರ ಸಂಸಾರವೂ ಇಲ್ಲ. ಒಂದು ಗೇಟಿನಿಂದ ಎರಡು ಮೈಲಿ ನಡಿಗೆ, ಇನ್ನೊಂದು ಗೇಟಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಯಾರೂ ಯಾರ ಹತ್ತಿರಕ್ಕೂ ಹೋಗುವುದಿಲ್ಲ; ಇಬ್ಬರೂ ಹೋಗುತ್ತಾರೆ, ಅಷ್ಟೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಯಾನ್ ಡಿಯೇಗೋ ತಂಡ ಮೇಲಿನ ಗೇಟಿನಲ್ಲಿ ಇಳಿಯಿತು. ಮುಂದಾಳು ಸಿದ್ಧಲಿಂಗೇಶ: ಕೈಯಲ್ಲಿ ಎರಡು ಕೋಲು, ಜೇಬಿನಲ್ಲಿ ಎರಡು ಫೋನು. ನಡುವೆ ಎಪ್ಪತ್ತೊಂದರ ಗುರುಶಾಂತವ್ವ: ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾಲಿಗೆ ಮಗನ ಹಳೆಯ ಶೂ. ಹಿಂದೆ ಪಕ್ಕದ ಮನೆಯ ಈರಯ್ಯ. ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು. ಕೊರಳಲ್ಲಿ ಸೀಟಿ.

"ದಾರಿ ಚಿಂತಿ ಬಿಡ್ರಿ ಅಕ್ಕಾರ" ಎಂದರು ಈರಯ್ಯ. "ತಪ್ಪಿಸಿಕೊಂಡ ಬಸ್ಸು ಎಷ್ಟ ಹುಡುಕೀನಿ ನಾನು."

ಪ್ರಸ್ಥಭೂಮಿಯ ನೆತ್ತಿ ರೊಟ್ಟಿ ಹಂಚಿನಷ್ಟೇ ಸಮತಟ್ಟು, ಅಷ್ಟೇ ಕಪ್ಪು. ಎಂದೋ ಒಂದು ಕಾಲದಲ್ಲಿ ಬೆಂಕಿಯ ಹೊಳೆ ಹರಿದು, ಆರಿ, ಗಟ್ಟಿಯಾಗಿ ನಿಂತ ಕಲ್ಲು. ಸುತ್ತಲ ಮಣ್ಣು ಮಳೆಗೆ ಕೊಚ್ಚಿಹೋದರೂ ಈ ಕಲ್ಲು ಮಾತ್ರ ಜಗ್ಗದೆ ಎತ್ತರದಲ್ಲೇ ಉಳಿದುಕೊಂಡಿತ್ತು. ಆ ವರ್ಷ, ೨೦೨೩ರ ಚಳಿಗಾಲದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮಳೆ ಚೆನ್ನಾಗಿ ಆಗಿತ್ತು. ಕರಿ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಅದರ ಅಂಚಿಗೆ ಹಳದಿ ಹೂವು ಸುತ್ತು ಹಾಕಿ, ದೂರದಲ್ಲಿ ಓಕ್ ಮರಗಳು ದನಗಳ ಹಾಗೆ ಗುಂಪುಗೂಡಿ ನಿಂತಿದ್ದವು. ಗುರುಶಾಂತವ್ವ ಒಂದು ಕಲ್ಲನ್ನು ಮುಟ್ಟಿ ನೋಡಿ, "ನಮ್ಮ ಕಡೆ ಹೊಲದಾಗೂ ಹಿಂಗ ಕರಿ ಕಲ್ಲ" ಎಂದು ಒಪ್ಪಿಗೆ ಕೊಟ್ಟರು.

ಒಂದು ಮೈಲಿ ಆದ ಮೇಲೆ ನೀರು ಕುಡಿಯೋಣವೆಂದು ಈರಯ್ಯ ಹೆಗಲ ಚೀಲ ಬಿಚ್ಚಿದರು. ಒಳಗೆ ಜೋಳದ ರೊಟ್ಟಿ. ರೊಟ್ಟಿಯ ಕೆಳಗೆ ರೊಟ್ಟಿ. ಅದರ ಕೆಳಗೆ ಶೇಂಗಾ ಚಟ್ನಿಪುಡಿ.

"ನೀರಿನ ಚೀಲ ಎಲ್ಲೈತಿ ಕಾಕಾ?"

"ಇದೇ ಅಲ್ಲೇನು? ಎರಡೂ ಕನ್ನಡ ಸಂಘದ ಚೀಲನ ಇದ್ದುವಲ್ಲಪ!"

ನೀರಿನ ಚೀಲ ಕಾರಿನಲ್ಲಿ ತಣ್ಣಗೆ ಕೂತಿತ್ತು. ಇವರ ಬಳಿ ಮೂವತ್ತು ಒಣ ಕಟಕ್ ರೊಟ್ಟಿ, ಒಂದು ಹನಿ ನೀರಿಲ್ಲ. ವಾಪಸು ಹೋದರೆ ಒಂದು ಮೈಲಿ, ಮುಂದೆ ಹೋದರೂ ಒಂದು ಮೈಲಿ. "ತಡಾ ಮಾಡಿದ್ರ ಆಕಿ ಸಿಟ್ಟಿಗೆದ್ದು ಹೋಗ್ತಾಳ. ಮುಂದ ನಡೀರಿ" ಎಂದರು ಗುರುಶಾಂತವ್ವ.

ಆಗಲೇ ಸಿದ್ಧಲಿಂಗೇಶನ ಫೋನು ಬಿಸಿಲಿಗೆ ಕಾದು ತಾನಾಗಿಯೇ ಆರಿತು. ಎರಡನೆಯದಕ್ಕೆ ಸಿಗ್ನಲ್ ಇಲ್ಲ. ದಾರಿ ಎರಡಾಗಿ ಒಡೆದಿತ್ತು. ಈರಯ್ಯ ನಡುವೆ ನಿಂತು, ಸೀಟಿ ಊದಿ, ಬಲಗೈ ಚಾಚಿದರು.

ಬಲಕ್ಕೆ ಹೋದರು. ದಾರಿ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಜಿಂಕೆಯ ಹಿಕ್ಕೆ ಕಾಣಿಸಿತು, ಆಮೇಲೆ ದಾರಿಯೇ ಕಾಣಿಸಲಿಲ್ಲ.

"ಈ ರೂಟ್ ಜಿಂಕಿದು" ಎಂದರು ಈರಯ್ಯ, ಸಣ್ಣ ದನಿಯಲ್ಲಿ.

ಇಳಿಜಾರು. ಮುಳ್ಳುಕಂಟಿ. ಸಿದ್ಧಲಿಂಗೇಶ ಕಾಲೆತ್ತಿದ.

ಚರ್‌ರ್‌ರ್...

ಗಿಲಕಿ ಹಾವು! ಎರಡು ಮಾರು ಮುಂದೆ ಸುರುಳಿ ಸುತ್ತಿ, ಬಾಲ ಎತ್ತಿ ಗಿಲಕಿ ಆಡಿಸುತ್ತಿತ್ತು.

ಈರಯ್ಯ ಸೀಟಿ ಊದಿದರು. ಮತ್ತೆ ಊದಿದರು. ಹಾವು ಬಸ್ಸಲ್ಲ; ಕದಲಲಿಲ್ಲ.

"ಅವ್ವಾ, ಏನ್ ಮಾಡೂಣು?" ಒಂಟಿಗಾಲಲ್ಲಿ ನಿಂತ ಮಗ ಪಿಸುಗುಟ್ಟಿದ.

"ಮೆಲ್ಲಕ ಹಿಂದ ಸರಿ. ಈರಯ್ಯಾ, ಆ ಪೀಪಿ ಬಾಯಿಂದ ತಗಿ. ನಮಗ ಅವಸರ, ಅದಕ್ಕಿಲ್ಲ."

ಮೂವರೂ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ಕಾದರು. ಬೆವರು ಮೂಗಿನ ತುದಿಗೆ ಇಳಿಯಿತು. ಯಾರೂ ಒರೆಸಲಿಲ್ಲ. ಕಾಲು ಗಂಟೆಯ ಮೇಲೆ ಹಾವಿಗೇ ಬೇಸರ ಬಂದು, ಸುರುಳಿ ಬಿಚ್ಚಿ, ಕಲ್ಲಿನ ಸಂದಿಗೆ ಇಳಿದುಹೋಯಿತು.

ಇನ್ನಷ್ಟು ಇಳಿದಾಗ ಕರಿ ಕಲ್ಲು ಮುಗಿದು ಬೂದು ಬಂಡೆ ಶುರುವಾಯಿತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಓಕ್ ಮರದ ನೆರಳಿನ ಒಂದು ಚಪ್ಪಟೆ ಬಂಡೆಯ ಮೇಲೆ ಗುರುಶಾಂತವ್ವ ಕೂತರು. ಕೂತವರು ತಕ್ಷಣ ಎದ್ದರು. ಬಂಡೆಯಲ್ಲಿ ಒಂದು ಗುಂಡಗಿನ ಕುಳಿ. ಪಕ್ಕದಲ್ಲಿ ಇನ್ನೆರಡು. ಕೈಯಿಳಿಸಿದರೆ ಮೊಣಕೈವರೆಗೆ ಹೋಯಿತು. ಒಳಗೆಲ್ಲ ನುಣುಪು.

"ಇದು ಒರಳೋ ಸಿದ್ದಾ!"

"ಹೌದವ್ವಾ. ಇಲ್ಲಿ ಮೂಲದ ಜನ ಓಕ್ ಮರದ ಕಾಯಿ ಕುಟ್ಟಿ ಹಿಟ್ಟು ಮಾಡ್ತಿದ್ರಂತ. ಕಹಿ ಹೋಗೂ ಮಟ ನೀರಾಗ ತೊಳದು..."

"ತೊಳದು! ಎಷ್ಟ ತಲಿಮಾರಿನ ಹೆಣ್ಮಕ್ಕಳು ಇಲ್ಲಿ ಕುಂತು ಕುಟ್ಟ್ಯಾರೋ. ದಿನಾ ತೊಳೆಯಾಕಿ ನೀರಿಗಂತ ಎರಡು ಮೈಲಿ ಹೋಗ್ತಿದ್ಲೇನು? ನೀರು ಇಲ್ಲೇ ಐತಿ. ಇಳುಕಲಕ್ಕ ನಡೀರಿ."

ಎರಡು ನೂರು ಹೆಜ್ಜೆ. ಮೊದಲು ಕಪ್ಪೆಯ ದನಿ, ಆಮೇಲೆ ತಂಪು ಗಾಳಿ, ಆಮೇಲೆ ಹಳ್ಳದ ಬಂಡೆಯಲ್ಲಿ ನಿಂತ ಹಸಿರು ಮಡು. ಮಡುವಿನ ಆಚೆ ದಡದಲ್ಲಿ ಒಂದು ಕಾಲನ್ನು ನೀರಲ್ಲಿ ಇಳಿಬಿಟ್ಟು ಪಂಕಜಾ ಕೂತಿದ್ದರು. ಪಕ್ಕದಲ್ಲಿ ಮಗ ರಾಜೀವ್, ಅವನ ಪಕ್ಕದಲ್ಲಿ ಹನ್ನೆರಡು ಬಾಟಲಿ ಕುಡಿಯುವ ನೀರು.

ಬೀಗಿತ್ತಿಯರು ಪರಸ್ಪರ ನೋಡಿದರು. ಮೊದಲು ಯಾರು ಮಾತಾಡಬೇಕು? ಅದೂ ತೀರ್ಮಾನವಾಗಿರಲಿಲ್ಲ.

"ಈರಯ್ಯಾ, ಅವರ ಕಾಲಿಗೆ ಏನಾಗೇತಿ, ಕೇಳು" ಎಂದರು ಗುರುಶಾಂತವ್ವ.

"ರಾಜೀವಾ, ಕಲ್ಲು ಜಾರಿ ಉಳುಕ್ತು ಅಂತ ಹೇಳು" ಎಂದರು ಪಂಕಜಾ. "ಅವರ ಮುಖ ಯಾಕೆ ಬಾಡಿದೆ, ಕೇಳು."

"ನೀರು ಮರತು ಬಂದೀವಿ ಅಂತ ಹೇಳು."

"ರಾಜೀವಾ, ಬಾಟ್ಲು ಕೊಡು. ಊಟ ನಾವು ತಂದಿಲ್ಲ ಅಂತಾನೂ ಹೇಳು. ಊಟ ಹಾಕಿದ್ರೆ ನಾವೇ ಕರೆದ ಹಾಗಾಗತ್ತೆ ಅಂತ ತರ್ಲಿಲ್ಲ."

"ಅಮ್ಮಾ, ಅವ್ರಿಗೆ ಕೇಳಿಸ್ತಿದೆ!" ಎಂದ ರಾಜೀವ್.

ಗುರುಶಾಂತವ್ವ ಕಲ್ಲು ದಾಟಿ ಆಚೆ ಹೋದರು. ಅರ್ಧ ಬಾಟಲಿ ನೀರು ಒಂದೇ ಉಸಿರಿಗೆ ಕುಡಿದು, ಬೀಗಿತ್ತಿಯ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡು, ಈರಯ್ಯನ ಟವೆಲ್ಲು ಸೀಳಿ ಬಿಗಿಯಾಗಿ ಕಟ್ಟಿದರು. ಪಂಕಜಾ "ಅಯ್ಯಮ್ಮಾ!" ಎಂದು ಕೂಗಿದಾಗ ಅವರ ಬಾಯಿಗೊಂದು ರೊಟ್ಟಿ ಚೂರು ಇಟ್ಟರು.

"ಇನ್ನೊಂದು ತಗೋರಿ ಬೀಗರ."

"ಸಾಕು ಬೀಗರೇ."

"ಬರೇ ಕಾಗದದ ಹಾಳಿ ಇದ್ದಂಗ ಐತಿ, ತಗೋರಿ."

ಐದು ರೊಟ್ಟಿಯ ಮೇಲೆ ಪಂಕಜಾ ಮೆತ್ತಗಾದರು. "ಇಲ್ಲೇ ಕುಂಕುಮ ಇಟ್ಟು ಕರೆದುಬಿಡಿ ಅತ್ಲಾಗೆ."

"ಇದು ಮನಿ ಅಲ್ಲ" ಎಂದರು ಗುರುಶಾಂತವ್ವ.

ಸರಿ. ಸಿದ್ಧಲಿಂಗೇಶ, ರಾಜೀವ್ ಕೈ ಹೆಣೆದು ಕುರ್ಚಿ ಮಾಡಿದರು. ಪಂಕಜಾ ಏರಿದರು. ಈರಯ್ಯ ಮುಂದೆ ನಡೆಯುತ್ತ ತಿರುವು ತಿರುವಿಗೂ ಸೀಟಿ ಊದಿದರು. ಈ ಸಲ ರಾಜೀವ್ ಬಂದಿದ್ದ ದಾರಿಯೇ ಮುಂದೆ ಮನೆಯವರೆಗೂ ಸಾಗಿತ್ತು, ತಪ್ಪಲಿಲ್ಲ. ಇಪ್ಪತ್ತು ಹೆಜ್ಜೆಗೊಮ್ಮೆ ಕುರ್ಚಿ ಕೆಳಗಿಳಿಯಿತು. "ಅಳಿಯಂದ್ರೇ, ನಾನು ತುಂಬಾ ಭಾರಾನಾ?" ಎಂದು ಅವರು ಕೇಳಿದಾಗಲೆಲ್ಲ ಸಿದ್ಧಲಿಂಗೇಶ ಹಲ್ಲು ಕಚ್ಚಿ, "ಇಲ್ಲತ್ತೆ, ಹೂವು" ಎಂದ.

ಹಳೆಯ ಓಕ್ ಮರದಡಿ ಆ ಮನೆ ಬಂತು. ದಪ್ಪ ಮಣ್ಣಿನ ಗೋಡೆ, ಸವೆದ ಹೊಸ್ತಿಲು, ಬೇಕಾದಂಥ ಸೂರು. ಬಾಗಿಲು ಮಾತ್ರ ಮುಚ್ಚಿತ್ತು; ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಬಿಡುವ ದಿನ ಅದಲ್ಲ ಎಂದು ಬೋರ್ಡು ಹೇಳುತ್ತಿತ್ತು.

ಸಿದ್ಧಲಿಂಗೇಶ ಧೂಳಿನಲ್ಲೇ ಕುಸಿದು ಕೂತ. ಪಂಕಜಾ ಕಣ್ಣೊರೆಸಿಕೊಂಡರು.

"ಸಾಕು ಬೀಗರೇ. ನಾನು ಸೋತೆ. ಕರೀದೆ ಇದ್ರೂ ಗುರುವಾರ ಬರ್ತೀನಿ. ನನ್ನ ಮಗು ಒಂದೇ ಕೂತ್ಕೋಬಾರದು."

ಗುರುಶಾಂತವ್ವ ಗೆದ್ದಿದ್ದರು. ಇಷ್ಟು ದಿನದಿಂದ ಕಾದಿದ್ದ ಮಾತು ಇದೇ. ಆದರೆ ಟವೆಲ್ಲಿನೊಳಗೆ ಊದಿದ ಆ ಪಾದವನ್ನು ನೋಡಿದರು. ಮಗಳಿಗಾಗಿ ಕಲ್ಲಲ್ಲಿ ಮುಳ್ಳಲ್ಲಿ ನಡೆದ ಪಾದ.

"ಸಿದ್ದಾ, ವುಡ್‌ಲ್ಯಾಂಡ್ ಹಿಲ್ಸ್ ಎಷ್ಟ ದೂರ?"

"ಎರಡು ತಾಸು. ಟ್ರಾಫಿಕ್ ಇದ್ರ ಮೂರು. ಯಾಕವ್ವಾ?"

"ನಡಿ. ಬೀಗರ ಮನಿಗೆ ಹೋಗಿ ಕರದು ಬರೂಣು."

ಪಂಕಜಾ ಗಾಬರಿಯಾದರು. "ಇವತ್ತಾ? ಅಯ್ಯೋ ರಾಜೀವಾ, ಮನೆ ಗುಡಿಸಿಲ್ಲ ಕಣೋ! ಸಿಂಕ್ ತುಂಬಾ ಪಾತ್ರೆ!"

ರಾಜೀವನ ಗೇಟಿಗೆ ಇನ್ನೂ ಎರಡು ಮೈಲಿ, ಅದೇ ಕೈಕುರ್ಚಿಯಲ್ಲಿ. ಅಲ್ಲಿಂದ ಅವನ ಕಾರಿನಲ್ಲಿ ಮೇಲಿನ ಗೇಟಿಗೆ ಸುತ್ತಿ ಬಂದು, ಸಿದ್ಧಲಿಂಗೇಶನ ಕಾರನ್ನೂ ತೆಗೆದುಕೊಂಡು ಹೊರಟರು. ಟ್ರಾಫಿಕ್ ಇತ್ತು, ಮೂರು ತಾಸೇ ಹಿಡಿಯಿತು.

ಸಂಜೆ ಏಳಕ್ಕೆ ವುಡ್‌ಲ್ಯಾಂಡ್ ಹಿಲ್ಸ್ ಮನೆಯ ಮುಂದೆ ಪಂಕಜಾ ಕೈ ಅಡ್ಡ ಹಿಡಿದರು. "ನಾನು ಒಳಗೆ ಹೋಗಿ ಬನ್ನಿ ಅಂದ್ಮೇಲೆ ಬನ್ನಿ ಬೀಗರೇ." ಕುಂಟುತ್ತ ಒಳಗೆ ಹೋದರು. ಕೆಸರು ಹತ್ತಿದ ಶೂ ಬಿಚ್ಚಿಟ್ಟು ಗುರುಶಾಂತವ್ವ ಬಾಗಿಲಲ್ಲಿ ನಿಂತರು. ಒಳಗೆ ವ್ಯಾಕ್ಯೂಮ್ ಮೊರೆಯಿತು, ಪಾತ್ರೆ ಸದ್ದಾಯಿತು, "ಅದನ್ನ ಬಾತ್‌ರೂಮಲ್ಲಿ ಬಚ್ಚಿಡೋ!" ಎಂಬ ಮಾತೂ ಕೇಳಿಸಿತು. ಇಪ್ಪತ್ತು ನಿಮಿಷ ನಿಂತರು. ಹಾವಿಗೆ ಕಾದವರಿಗೆ ಇದೇನು ಮಹಾ.

ಕರೆ ಬಂತು. ಹೊಸ್ತಿಲು ದಾಟಿದರು, ಕುಂಕುಮವಿಟ್ಟರು, ಕಾರ್ಯಕ್ಕೆ ಕರೆದರು. ಬೀಗಿತ್ತಿ ಕೊಟ್ಟ ಕಾಫಿ ಕುಡಿದು, ಸೊಸೆಗೆ ಫೋನ್ ಹಚ್ಚಿಸಿದರು.

"ಅತ್ತೆ, ಏನಾಯ್ತು?" ಎಂದಳು ರಕ್ಷಿತಾ. "ಅಮ್ಮ... ಬರ್ತಾರಾ?"

"ಎತ್ತರದ್ದೊಂದು ಕುರ್ಚಿ ತಗದಿಡವ್ವಾ" ಎಂದರು ಗುರುಶಾಂತವ್ವ. "ನಿಮ್ಮವ್ವನ ಕಾಲು ಊದೇತಿ. ಗುರುವಾರ ಕುಂತ ಆರತಿ ಮಾಡ್ತಾಳ."