ಹೂಂ ಅನ್ನದ ಕನ್ನಡಿ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಮುಗಿಲಪಟ್ಟಣವೆಂಬ ರಾಜ್ಯದಲ್ಲಿ ಹೊನ್ನಬ್ಬೆ ಎಂಬ ನೂಲುವ ಹೆಂಗಸಿದ್ದಳು. ಅವಳಿಗೆ ಕೆಂಚಿ ಎಂಬ ಆರು ವರ್ಷದ ಮಗಳು. ಸಂಜೆಯಾದರೆ ತಾಯಿ ಕತೆ ಹೇಳುತ್ತಾ ತುತ್ತಿಡುವಳು, ಮಗಳು ಹೂಂಗುಟ್ಟುತ್ತಾ ಉಣ್ಣುವಳು. ಹೂಂ ಅನ್ನದಿದ್ದರೆ ಕತೆ ಮುಂದೆ ಹೋಗದು. ಅಲ್ಲಿನ ಕಟ್ಟಳೆಯೇ ಹಾಗೆ.

ಒಂದು ದಿನ ಧೂಮಕಂಠನೆಂಬ ಮಾಯಾವಿ ಮನೆಮನೆಗೂ ಕನ್ನಡಿ ಹಂಚಿದ. ಪುಕ್ಕಟೆ ಬಂದದ್ದನ್ನು ಬೇಡವೆನ್ನುವವರು ಯಾರು? ಅದರೊಳಗೆ ಆನೆಗಳು ಹಾರುತ್ತಿದ್ದವು, ಮೀನುಗಳು ಹಾಡುತ್ತಿದ್ದವು. ಹೊನ್ನಬ್ಬೆಗೆ ಅವತ್ತು ಕೈತುಂಬ ಕೆಲಸ. "ಇದನ್ನ ನೋಡ್ತಾ ಉಣ್ಣು ಮಗಾ" ಎಂದು ತಾನೇ ಗೋಡೆಗೆ ತೂಗುಹಾಕಿದಳು. ಕೆಂಚಿ ತಕರಾರಿಲ್ಲದೆ ಉಂಡಳು. ತಿಂಗಳೊಳಗೆ ಮಾತೂ ಬಿಟ್ಟಳು. ಊರಿನ ಮಕ್ಕಳೆಲ್ಲ ಹಾಗೇ ಆದರು. ಮಗಳು ಎದುರಿಗೇ ಕೂತಿದ್ದರೂ ಹೊನ್ನಬ್ಬೆಗೆ ಅವಳದೇ ನೆನಪು ಕಾಡುತ್ತಿತ್ತು.

ಕನ್ನಡಿಗೆ ಕಂಬಳಿ ಹೊದಿಸಿದಳು. ಆನೆಗಳು ಕಂಬಳಿಯ ಮೇಲೆಯೇ ಹಾರಿದವು. "ಒಂದೇ ಗಳಿಗೆ" ಎಂದು ಗಳಿಗೆ ಕಳೆದೊಡನೆ ಮುಳುಗುವ ತೂತಿನ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟಳು. ಕನ್ನಡಿ ನೀರಿಗೇ ಮಾಟ ಮಾಡಿತು, ಬಟ್ಟಲು ಮುಳುಗಲೇ ಇಲ್ಲ. ಒಡೆಯಲು ಒನಕೆ ಹಿಡಿದರೆ ಕೈ ಏಳದು. ಯಾಕೆಂದರೆ ಮಧ್ಯಾಹ್ನ ಮಗಳು ಮಲಗಿದಾಗ ಅವಳೂ ಕದ್ದು ನೋಡುತ್ತಿದ್ದಳು: ತೀರಿಹೋದ ಅವಳ ಅವ್ವ ಅದರೊಳಗೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು.

ಕಿಟಕಿಯಲ್ಲಿದ್ದ ಗೊರವಂಕ ಹಕ್ಕಿ ಬಾಯಿಬಿಟ್ಟಿತು. "ಕನ್ನಡಿಗೆ ಬಾಯುಂಟು, ಕಿವಿಯಿಲ್ಲ ಕಣಮ್ಮಾ. ಅದಕ್ಕೆ ಬೆನ್ನುಹಾಕಿ ಕತೆ ಹೇಳು. ಮಗು ಮೂರು ಸಲ ಹೂಂ ಅಂದರೆ ರಾಜ್ಯದ ಕನ್ನಡಿಗಳೆಲ್ಲ ಸಾಯುತ್ತವೆ. ನೀನು ತಿರುಗಿ ನೋಡಿದರೆ ಮಗು ಅದರ ಪಾಲು."

"ನಮ್ಮವ್ವ?"

"ಮತ್ತೆ ಕಾಣಿಸಲ್ಲ."

ಹೊನ್ನಬ್ಬೆ ಬೆನ್ನುಹಾಕಿ ಕೂತಳು. ಅಕ್ಕಿ ಆರಿಸುವ ಒಬ್ಬ ತಾಯಿಯ ಕತೆ ಹೇಳಿದಳು. ಹೇಳಿ ಹೇಳಿ ಗಂಟಲೊಣಗಿತು. ಕೊನೆಗೆ ಕೆಂಚಿ, "ಹೂಂ" ಎಂದಳು. ಕನ್ನಡಿ ನೂರು ಆನೆಗಳನ್ನು ಕುಣಿಸಿತು. ಕತೆ ನಿಲ್ಲಲಿಲ್ಲ. "ಹೂಂ."

ಆಗ ಬೆನ್ನ ಹಿಂದಿನಿಂದ ಅವ್ವನ ದನಿ ಕೇಳಿಸಿತು. "ಹೊನ್ನೀ, ಒಂದ್ಸಲ ಮುಖ ತೋರಿಸೇ."

ಹೊನ್ನಬ್ಬೆಯ ಕತ್ತು ಅರ್ಧ ತಿರುಗಿತು. ಕಣ್ಣು ಮುಚ್ಚಿಕೊಂಡು, "ಅವ್ವಾ, ಒಂದು ಕತೆ ಹೇಳ್ತೀನಿ. ಹೂಂ ಅನ್ನು" ಎಂದಳು.

"ಹೊನ್ನೀ, ಒಂದ್ಸಲ ಮುಖ ತೋರಿಸೇ."

"ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳವ್ವಾ..."

"ಹೊನ್ನೀ, ಒಂದ್ಸಲ ಮುಖ ತೋರಿಸೇ."

ಅವಳ ಅವ್ವ ಹೂಂ ಅನ್ನದೆ ಒಂದು ಕತೆಯನ್ನೂ ಕೇಳಿದವಳಲ್ಲ. ಹೊನ್ನಬ್ಬೆ ಕತ್ತನ್ನು ಮಗಳ ಕಡೆ ತಿರುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ಕತೆ ಹೇಳಿದಳು. ಕೆಂಚಿ ಪುಟ್ಟ ಕೈಯಿಂದ ಅವಳ ಕೆನ್ನೆ ಒರೆಸಿದಳು.

"ಹೂಂ. ಆಮೇಲೆ?"

ಕನ್ನಡಿ ನೀರಾಗಿ ಗೋಡೆಯಿಂದಿಳಿಯಿತು. ಮನೆಮನೆಯಲ್ಲೂ ಹಾಗೇ ಆಯಿತು, ಧೂಮಕಂಠ ಹೊಗೆಯಾಗಿ ಹೋದ. ಮಕ್ಕಳು ಗಲಾಟೆ ಎಬ್ಬಿಸಿದರು, ಊಟಗಳು ತಡವಾದವು, ಎಲ್ಲರೂ ಸುಖವಾಗಿದ್ದರು.

ಹೊನ್ನಬ್ಬೆ ಬರಿಗೋಡೆಯನ್ನೇ ನೋಡುತ್ತಿದ್ದಳು. ಕೆಂಚಿ ಅವಳ ಮಡಿಲಿಗೆ ಬಂದು ಕೇಳಿದಳು: "ಅಜ್ಜಿ ನಗೋವಾಗ ಹೇಗೆ ಕಾಣ್ತಿದ್ಲವ್ವಾ?"

ಅಷ್ಟು ದಿನ ನೋಡಿದ್ದರೂ ಕನ್ನಡಿಯಲ್ಲಿ ಅವ್ವ ಒಮ್ಮೆಯೂ ನಕ್ಕಿರಲಿಲ್ಲವೆಂಬುದು ಹೊನ್ನಬ್ಬೆಗೆ ಆಗ ಹೊಳೆಯಿತು. ಅವಳು ಅವ್ವನ ಹಾಗೆ ನಕ್ಕು ತೋರಿಸಿದಳು.